ಕಡಲೆ ಕುಡಿ ಚಿವುಟಿಸಿದ ವರ್ಷ

ಆಗ ನನಗೆ ಇಪ್ಪತ್ತೆರಡು ವರ್ಷ. ರೈತರಿಗೆ ಬೇಸಾಯದ ಬುದ್ಧಿ ಹೇಳುವ ಸರ್ಕಾರಿ ಕೆಲಸ. ಕಿಕ್ಕೇರಿಯಲ್ಲಿ ಬಿಡಾರ, ಓಡಾಡಲು ಸೈಕಲ್ಲು, ತಲೆಗೊಂದು ಟೋಪಿ. ಅಪ್ಪನ ವಯಸ್ಸಿನವರಿಗೆಲ್ಲ ಉಪದೇಶ ಮಾಡುವ ಧೈರ್ಯ ಎಲ್ಲಿಂದ ಬಂದಿತ್ತೋ, ಶಿವನೇ ಬಲ್ಲ!

ಸಿಂಧಘಟ್ಟದ ಒಬ್ಬ ಅಜ್ಜಿ ಪ್ರತಿ ಹಿಂಗಾರಿನಲ್ಲೂ ಕೆರೆ ಹಿಂದಿನ ಎರೆಹೊಲಕ್ಕೆ ಹುರುಳಿ ಚೆಲ್ಲುತ್ತಿದ್ದರು. ಅದನ್ನು ಬೇಯಿಸಿ ಹಾಕಿದರೇ ಅವರ ಜೋಡೆತ್ತು ಬೇಸಿಗೆ ಕಳೆದು ಮುಂಗಾರಿಗೆ ನೊಗ ಹೊರುತ್ತಿದ್ದವು. "ಇಂಥ ಮಣ್ಣಿಗೆ ಹುರುಳಿಯೇ? ಕಡಲೆ ಬಿತ್ತಿ, ಅದನ್ನು ಮಾರಿ ಎರಡರಷ್ಟು ಹುರುಳಿ ಕೊಳ್ಳಿ" ಎಂದು ನಾನು ಬೆನ್ನು ಬಿದ್ದೆ.

"ನನ್ನ ಎತ್ತಿನ ಹೊಟ್ಟೆ ನಿನ್ನ ಕೈಲಿ ಮಡುಗ್ತಾ ಇವ್ನಿ ಕಣಪ್ಪ" ಎಂದು ಅಜ್ಜಿ ಕೊನೆಗೂ ಒಪ್ಪಿದರು.

ಕಡಲೆ ಸೊಗಸಾಗಿ ಹುಟ್ಟಿತು. ಗಿಡ ಗೇಣುದ್ದ ಬಂದಾಗ, "ಕುಡಿ ಚಿವುಟಿಸಿ, ಕವಲು ಒಡೆಯುತ್ತದೆ" ಎಂದು ಹೇಳಿ ನಾಗಮಂಗಲದ ಕಡೆ ಹೋದವನು ಇಪ್ಪತ್ತು ದಿನ ಆ ಹೊಲದತ್ತ ತಲೆ ಹಾಕಲಿಲ್ಲ. ಬಂದು ನೋಡಿದರೆ, ದೇವರೇ, ಹೊಲದ ತುಂಬ ಊರ ಹೆಂಗಸರು! ಮಡಿಲು ಕಟ್ಟಿಕೊಂಡು ಕಡಲೆಸೊಪ್ಪು ಕೀಳುತ್ತಿದ್ದಾರೆ. ಹೂ ಬಿಡಬೇಕಾದ ಗಿಡಗಳು ಮುಡಿ ಕೊಟ್ಟ ತಲೆಯ ಹಾಗೆ ಬೋಳು. ಪಿತ್ತ ನೆತ್ತಿಗೇರಿ, ಸೈಕಲ್ಲು ಅಲ್ಲೇ ಬಿಸಾಕಿ ಕೂಗಾಡಿದೆ.

"ಕಿರುಚ್ಬ್ಯಾಡ ಸುಮ್ಕಿರ್ಲಾ" ಎಂದರು ಅಜ್ಜಿ. "ಚಿವುಟ್ಸು ಅಂದೋನು ನೀನೇಯ. ಸಾರಿಗೆ ಸೊಪ್ಪು ಕೇಳ್ಕಂಡು ಬಂದೋರ್ಗೆ ಇಲ್ಲ ಅನ್ನಕಾಯ್ತದಾ? ನಿಮ್ಮೂರಲ್ಲಿ ಅಂಗಂತಾರಾ?"

ಹೂ ಕಾಣುವ ಮುಂಚೆ ಒಂದೇ ಸಲ ಚಿವುಟಬೇಕು, ಆಮೇಲೆ ಮುಟ್ಟಬಾರದು ಎಂದು ನಾನು ಹೇಳಿರಲೇ ಇಲ್ಲ. ತಪ್ಪು ನನ್ನದೇ. ಆ ವರ್ಷ ಕೈಗೆ ಬಂದದ್ದು ಬಿತ್ತಿದಷ್ಟೇ ಕಡಲೆ. ಎತ್ತುಗಳ ಮುಖ ನೆನಪಾದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಕೊನೆಗೆ ಕಿಕ್ಕೇರಿಯಲ್ಲಿ ಒಂದು ಮೂಟೆ ಹುರುಳಿ ಕೊಂಡು, ಸೈಕಲ್ಲಿಗೆ ಕಟ್ಟಿ, ದಾರಿಯುದ್ದ ತಳ್ಳಿಕೊಂಡು ಹೋದೆ. ನೋಡಿದರೆ ಅಜ್ಜಿಯ ಜಗಲಿಯ ಮೇಲೆ ಆಗಲೇ ಹುರುಳಿಯ ರಾಶಿ! ಸೊಪ್ಪು ಕಿತ್ತ ಮನೆಯವರೆಲ್ಲ ಕಣ ಮುಗಿದ ಮೇಲೆ ತಲಾ ಒಂದೊಂದು ಮೊರ ತಂದು ಸುರಿದಿದ್ದರಂತೆ. ಕೊಡಿ ಎಂದು ಯಾರೂ ಕೇಳಿರಲಿಲ್ಲವಂತೆ.

ಅಜ್ಜಿ ನನ್ನ ಮೂಟೆ ಬಿಚ್ಚಿಸಿ, ಒಂದು ಮೊರ ತುಂಬಿ ರಾಶಿಗೆ ಸುರಿದು, ಮತ್ತೆ ಬಾಯಿ ಕಟ್ಟಿದರು.

"ಮನೆಗೊಂದು ಮೊರ ಕಣ್ಲಾ. ನಿಂದೂ ಈ ಊರಲ್ಲಿ ಒಂದ್ ಮನೆ ಅಂತ ಇಟ್ಕಂಡಿವ್ನಿ. ಮಿಕ್ಕಿದ್ದು ತಕ್ಕಂಡೋಗು."