ಮರದ ಮೇಲಿನ ಮಂಚದ ಇನ್ನೊಂದು ಬದಿ

ನನ್ನ ಚಿಕ್ಕಪ್ಪ ದತ್ತಾತ್ರೇಯ ಆಫ್ರಿಕಾದ ಕಾಡಿನಲ್ಲಿ, ಮರದ ನೆತ್ತಿಯಲ್ಲಿ ಕಟ್ಟಿದ ಐಷಾರಾಮಿ ಕೋಣೆಯಲ್ಲಿ ಒಂದು ರಾತ್ರಿ ಕಳೆದು ಬಂದಿದ್ದಾರೆ! ನಿಜವಾಗಿಯೂ! ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿರುವ, ಬನಿಯನ್ ಹಾಕಿಕೊಂಡು ಬಾಲ್ಕನಿಯಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುವ ಅದೇ ಚಿಕ್ಕಪ್ಪ. ಕ್ವಾರ್ಟರ್ಸ್ ಅವರದಲ್ಲ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಮಾಡುವ ಜಲಜಾ ಚಿಕ್ಕಮ್ಮನದು. ಚಿಕ್ಕಪ್ಪ ಅಡುಗೆಯವರು.

ದೆಹಲಿಯ ಮದುವೆ ಸೀಸನ್ ಬಂತೆಂದರೆ ಅವರ ದೋಸೆ ಕೌಂಟರ್ ಮುಂದೆ ಸೂಟು ಹಾಕಿದವರೂ ತಟ್ಟೆ ಹಿಡಿದು ನೂಕಾಡುತ್ತಾರೆ. ಉಳಿದ ದಿನಗಳಲ್ಲಿ ವಸಂತ್ ಕುಂಜ್ ಕಡೆಯ ಒಂದು ಶ್ರೀಮಂತ ಜೈನ ಕುಟುಂಬಕ್ಕೆ ಅಡುಗೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಯಾವುದನ್ನೂ ಮುಟ್ಟದ ಆ ಮನೆಯವರು ವಿದೇಶಕ್ಕೆ ಹೋದರೆ ಅಡುಗೆಯವರನ್ನೂ ಕರೆದುಕೊಂಡೇ ಹೋಗುತ್ತಾರೆ. ಹೋದ ಆಗಸ್ಟ್‌ನಲ್ಲಿ ಅವರು ಕೀನ್ಯಾಕ್ಕೆ ಹೊರಟರು. ಚಿಕ್ಕಪ್ಪ, ಅವರ ದೋಸೆ ಕಾವಲಿ, ಅವರ ಇಂಗು, ಎಲ್ಲವೂ ವಿಮಾನ ಹತ್ತಿದವು!

ಕಾಡಿನ ಆ ಲಾಡ್ಜ್‌ನಲ್ಲಿ ಮನೆಯವರಿಗೆಲ್ಲ ಮರದ ಮೇಲೆ ಕೋಣೆ, ಅಡುಗೆಯವರಿಗೆ ಕೆಳಗೆ ಕೆಲಸದವರ ಸಾಲುಮನೆ. ಆದರೆ ಆ ಮನೆಯ ದಾದಿ, ಅಂದರೆ ಅಜ್ಜಿ, ಅರ್ಧ ಮೆಟ್ಟಿಲು ಹತ್ತಿದ್ದೇ "ಯೇ ತೋ ಹಿಲ್ತಾ ಹೈ!" ಎಂದು ಕೂಗಿ ಕೆಳಗಿಳಿದುಬಿಟ್ಟರಂತೆ. ಗಾಳಿಗೆ ಅಲ್ಲಾಡುವ ಮನೆಯಲ್ಲಿ ತಾನು ಸಾಯುವುದಿಲ್ಲವೆಂದು ಹಟ. ಅವರಿಗೆ ಕೆಳಗೆ ಕೋಣೆ ಮಾಡಿಕೊಟ್ಟರು. ಮೇಲಿನದು ಖಾಲಿ ಉಳಿಯಿತು. ಖಾಲಿ ಯಾಕೆ ಬಿಡಬೇಕು, ನೀವೇ ಮಲಗಿ ಎಂದು ದಾದಿಯೇ ಹೇಳಿದರಂತೆ, "ಖಾಲಿ ಕ್ಯೋಂ ಜಾಯೇ? ಆಪ್ ಸೋ ಜಾಯಿಯೇ, ಮಹಾರಾಜ್." ಅಡುಗೆಯವರನ್ನು ಇಲ್ಲಿನವರು ಕರೆಯುವುದೇ ಮಹಾರಾಜ್ ಎಂದು.

ಹೀಗೆ ಚಿಕ್ಕಪ್ಪ ಮರ ಹತ್ತಿದರು. ಹಿಂದಿರುಗಿದ ಮೇಲೆ ಇಡೀ ಬ್ಲಾಕ್‌ಗೆ ಈ ಕತೆ ಹೇಳಿದ್ದಾರೆ. ತರಕಾರಿ ಭಯ್ಯಾನಿಗೂ ಗೊತ್ತು. ಗೊತ್ತಿಲ್ಲದವರು ಒಬ್ಬರೇ, ಜಲಜಾ ಚಿಕ್ಕಮ್ಮ. ಚಿಕ್ಕಪ್ಪ ಶುರು ಮಾಡಿದರೆ ಅವರು ಎದ್ದು ಒಳಗೆ ಹೋಗುತ್ತಾರೆ.

ಕಾರಣ ನನಗೆ ತಿಳಿದಿತ್ತು. ಸರ್ಕಾರಿ ನೌಕರರು ಗಂಡ, ಹೆಂಡತಿ, ಮಕ್ಕಳೊಂದಿಗೆ ದೇಶ ಸುತ್ತಿ ಬರಲಿ ಎಂದು ಎಲ್‌ಟಿಸಿ, ಅಂದರೆ ಪ್ರಯಾಣದ ಖರ್ಚು, ಕೊಡುತ್ತಾರೆ. ಚಿಕ್ಕಮ್ಮ ಪ್ರತಿ ಸಲವೂ ರಜೆ ಹಾಕುತ್ತಿದ್ದರು, ಬಟ್ಟೆ ಜೋಡಿಸುತ್ತಿದ್ದರು. ಪ್ರತಿ ಸಲವೂ ಯಾವುದೋ ದೊಡ್ಡ ಮದುವೆಯ ಆರ್ಡರ್ ಬಂದು ಚಿಕ್ಕಪ್ಪ ಕಾವಲಿ ಎತ್ತಿಕೊಂಡು ನಡೆಯುತ್ತಿದ್ದರು. ಈಗ ಜನವರಿಯಲ್ಲಿ ಚಿಕ್ಕಮ್ಮ ನಿವೃತ್ತರಾಗುತ್ತಾರೆ. ಕೊನೆಯ ಎಲ್‌ಟಿಸಿ ಬಾಕಿ ಇದೆ. ಆ ಮಾತನ್ನು ಅವರು ಎತ್ತುವುದೂ ಇಲ್ಲ.

ಈ ಭಾನುವಾರ ಹಾಸ್ಟೆಲ್‌ನಿಂದ ಊಟಕ್ಕೆ ಹೋದಾಗ ಚಿಕ್ಕಮ್ಮ ನೆಲದ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ನಾನು ತಡೆಯಲಾರದೆ ಕೇಳಿಬಿಟ್ಟೆ.

"ಚಿಕ್ಕಪ್ಪ, ಬಾತ್‌ಟಬ್ ಕಾಡಿನ ಕಡೆ ಇತ್ತಂತಲ್ಲ? ಸ್ನಾನ ಮಾಡಿದ್ರಾ?"

"ಅಯ್ಯೋ, ಇಲ್ಲಪ್ಪ! ಮಂಗ ನೋಡ್ತಿತ್ತು ಪುಟ್ಟಿ, ನಾಚಿಕೆ ಆಯ್ತು."

ನಾನು ಬಿದ್ದು ಬಿದ್ದು ನಕ್ಕೆ. ಮಡಿಲ ತುಂಬ ಬೀನ್ಸ್ ಇದ್ದುದರಿಂದ ಚಿಕ್ಕಮ್ಮ ಈ ಸಲ ಎದ್ದು ಹೋಗಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಕತ್ತಲಾಗ್ತಿದ್ದ ಹಾಗೆ ಆನೆ ಬಂತು," ಎಂದರು ಚಿಕ್ಕಪ್ಪ. "ಸರಿಯಾಗಿ ನನ್ನ ಕಾಲ ಕೆಳಗೆ. ಮರಿ ಜೊತೆ. ನೀರು ಕುಡೀತು. ಚಳಿ ಅಂದ್ರೆ ಚಳಿ, ಹೋಗಿ ಹೊದಿಕೆ ಎತ್ತಿದ್ರೆ ಒಳಗೆ ಬೆಚ್ಚಗೆ ಏನೋ ಮಲಗಿದೆ! ಹಾರಿಬಿದ್ದೆ."

"ಏನದು?"

"ಬಿಸಿನೀರಿನ ರಬ್ಬರ್ ಚೀಲ. ಹಾಸಿಗೆ ಬೆಚ್ಚಗಿರ್ಲಿ ಅಂತ ಅವರೇ ಇಟ್ಟು ಹೋಗ್ತಾರೆ. ಎರಡಿತ್ತು. ಇಬ್ಬರ ಮಂಚ ಅಲ್ವಾ? ಆ ಕಡೆ ಒಂದು, ಈ ಕಡೆ ಒಂದು. ನನ್ನದನ್ನ ಕಾಲಿಗೆ ಒತ್ತಿಕೊಂಡೆ. ಆ ಕಡೆದು ಹಾಗೇ ಇತ್ತು. ಬೆಳಗ್ಗೆ ಮುಟ್ಟಿ ನೋಡಿದೆ, ತಣ್ಣಗೆ ಕೊರೀತಿತ್ತು."

ಬ್ಲಾಕ್‌ನ ಯಾರಿಗೂ ಈ ಭಾಗ ಹೇಳಿರಲಿಲ್ಲ. ಚಿಕ್ಕಮ್ಮನ ಕೈ ಬೀನ್ಸ್ ಮೇಲೆ ನಿಂತಿತು.

"ಅದನ್ನ ಯಾಕೆ ಮುಟ್ಟಿ ನೋಡೋಕೆ ಹೋದ್ರಿ?" ಎಂದರು, ಗೋಡೆಗೆ ಹೇಳಿದ ಹಾಗೆ.

"ನೀನಿದ್ದಿದ್ರೆ ಅಂತ."

"ನಾನು ಎಲ್ಲಿ ಇರ್ತಿದ್ದೆ? ನಾನು ಯಾವಾಗ್ಲೂ ಮನೇಲಿ, ಜೋಡಿಸಿಟ್ಟ ಬಟ್ಟೆ ಬಿಚ್ಚಿಡ್ತಾ."

ಅಷ್ಟರಲ್ಲಿ ಚಿಕ್ಕಪ್ಪನ ಫೋನ್ ಬಡಿದುಕೊಂಡಿತು. ಕೇಟರಿಂಗ್ ಭಯ್ಯಾ! ಅವನ ಗಂಟಲು ನನಗೂ ಕೇಳಿಸುತ್ತಿತ್ತು. ನವೆಂಬರ್‌ನಲ್ಲಿ ಛತ್ತರ್‌ಪುರದ ಫಾರ್ಮ್‌ಹೌಸ್‌ನಲ್ಲಿ ಭಾರೀ ಮದುವೆ, ದೋಸೆಗೆ ನೀವೇ ಬೇಕು ಎನ್ನುತ್ತಿದ್ದ. ಚಿಕ್ಕಮ್ಮ ಮತ್ತೆ ಬೀನ್ಸ್ ಕೈಗೆತ್ತಿಕೊಂಡರು. ಮುಂದಿನದು ಅವರಿಗೆ ಬಾಯಿಪಾಠ.

"ನಹೀ ಭಯ್ಯಾ," ಎಂದರು ಚಿಕ್ಕಪ್ಪ. "ಪೂರಾ ನವೆಂಬರ್ ನಹೀ. ಪತ್ನೀ ಕೇ ಸಾಥ್ ಜಾನಾ ಹೈ... ಕಹಾಂ? ಪತಾ ನಹೀ. ವೋ ಬತಾಯೇಗೀ."

ಹೆಂಡತಿ ಜೊತೆ ಹೋಗಬೇಕು, ಎಲ್ಲಿಗೆ ಅಂತ ಅವಳೇ ಹೇಳ್ತಾಳೆ! ನನಗೆ ಚಪ್ಪಾಳೆ ತಟ್ಟುವ ಹಾಗಾಯಿತು. ಚಿಕ್ಕಮ್ಮ ಮಾತ್ರ ಕೆಂಡವಾದರು.

"ಪೂರ್ತಿ ನವೆಂಬರ್ ಯಾಕೆ ಬೇಡ ಅಂದ್ರಿ? ನನಗೆ ಅಷ್ಟು ರಜೆ ಯಾರು ಕೊಡ್ತಾರೆ? ಆಫ್ರಿಕಾಗೆಲ್ಲ ಎಲ್‌ಟಿಸಿ ಇಲ್ಲ, ತಿಳ್ಕೊಳ್ಳಿ."

"ಒಂದು ಮರ ಇದ್ರೆ ಸಾಕು."

"ರೈಲು ಹೊರಡೋವರೆಗೆ ನಾನು ನಂಬಲ್ಲ ರೀ."

"ನಂಬಬೇಡ."

ಚಿಕ್ಕಪ್ಪ ಬಂದು ಅವರ ಎದುರಿಗೆ ನೆಲದ ಮೇಲೆ ಕೂತು, ಒಂದು ಹಿಡಿ ಬೀನ್ಸ್ ತೆಗೆದುಕೊಂಡರು. ತುಂಬ ಹೊತ್ತು ಇಬ್ಬರೂ ನಾರು ತೆಗೆದರು.

"ಆನೆ ನೀರು ಕುಡೀತು ಅಂದ್ರಲ್ಲ," ಎಂದರು ಚಿಕ್ಕಮ್ಮ, ಕೈ ನಿಲ್ಲಿಸದೆ. "ಆಮೇಲೆ?"

ಇಡೀ ಆರ್.ಕೆ.ಪುರಂಗೆ ಹೇಳಿ ಮುಗಿಸಿದ ಕತೆ. ಆದರೂ ಚಿಕ್ಕಪ್ಪ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು. ಎಲ್ಲಿಂದ ಹೇಳಬೇಕೆಂದು ಅವರಿಗೆ ತೋಚಲಿಲ್ಲ.