ಲಾಕ್ ಮಾಡಿದ ನೋಟಿಸಿನಲ್ಲಿ ಮಂಡಕ್ಕಿ-ಮಿರ್ಚಿ

ಸ್ನೇಹಿತರೇ, ಹಿರಿಯೂರಿನ ನಮ್ಮ ಕಾಲೇಜಿನಲ್ಲಿ ಇವತ್ತು ನಡೆದದ್ದು ಕೇಳಿ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು ನಾನು. ನಮ್ಮ ಸರ್ವರ್‌ನ ಕರ್ನಲ್‌ನಲ್ಲಿ, ಅಂದರೆ ಇಡೀ ಯಂತ್ರವನ್ನು ಆಳುವ ಒಳಗಿನ ತಂತ್ರಾಂಶದಲ್ಲಿ, ಒಂದು ದೋಷವಿದೆಯೆಂದು ಗೊತ್ತಾಗಿತ್ತು. ಫೈಲನ್ನು ಓದಲಷ್ಟೇ ಅನುಮತಿ ಇರುವವರು ಅದನ್ನು ತಿದ್ದಲೂಬಹುದು. ವಿದ್ಯಾರ್ಥಿಗಳ ಅಂಕಗಳೂ ಆ ಸರ್ವರ್‌ನಲ್ಲೇ ಇವೆ. ಅಪ್‌ಡೇಟ್ ಮಾಡಲು ಸ್ವಲ್ಪ ಹೊತ್ತು ಸರ್ವರ್ ನಿಲ್ಲಿಸಬೇಕು ಎಂದರೆ ಪ್ರಾಂಶುಪಾಲರು ಒಪ್ಪಲೇ ಇಲ್ಲ.

"ಎಲ್ಲಾ ಫೈಲು ನಾನೇ ಲಾಕ್ ಮಾಡೀನಿ ಮೇಡಂ. ನನ್ನ ಬಿಟ್ಟು ಯಾರೂ ಒಂದಕ್ಷರ ಮುಟ್ಟಾಕಾಗಲ್ಲ."

ನನಗೂ ಸಿಟ್ಟು ಬಂತು. "ಹಂಗಾದ್ರೆ ನಿಮ್ಮ ನೋಟಿಸನ್ನೇ ತಿದ್ದಿ ತೋರಿಸ್ಲಾ ಸಾರ್?"

"ತಿದ್ರಿ ನೋಡಾಣ!"

ಓದಲಷ್ಟೇ ಅನುಮತಿ ಇರುವ ವಿದ್ಯಾರ್ಥಿಗಳ ಲಾಗಿನ್‌ನಿಂದಲೇ ತಿದ್ದಿದೆ. ವರಾಂಡದ ಪರದೆಯ ಮೇಲೆ 'ಮೂರು ಗಂಟೆಗೆ ಸಿಬ್ಬಂದಿ ಸಭೆ, ವಿಷಯ: ಶಿಸ್ತು ಪಾಲನೆ' ಎಂದಿದ್ದದ್ದು 'ವಿಷಯ: ಮಂಡಕ್ಕಿ-ಮಿರ್ಚಿ' ಎಂದಾಯಿತು. ಪ್ರಾಂಶುಪಾಲರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. "ಅಪ್‌ಡೇಟ್ ಮಾಡಿಬಿಡ್ರಿ" ಎಂದರು.

ಮಾಡಿದೆ. ಆಮೇಲೆ ಅದೇ ಲಾಗಿನ್‌ನಿಂದ ತಿದ್ದಲು ಹೋದರೆ ಅನುಮತಿ ಇಲ್ಲ ಎಂದಿತು. ನೆಮ್ಮದಿಯಾಯಿತು. ಆದರೆ ನೋಟಿಸನ್ನು ಮೊದಲಿನಂತೆ ಮಾಡುವುದನ್ನು ಇಬ್ಬರೂ ಮರೆತಿದ್ದೆವು.

ಮೂರು ಗಂಟೆಗೆ, ಯಾವತ್ತೂ ಅರ್ಧ ತುಂಬದ ಸಭೆಯಲ್ಲಿ ಕುರ್ಚಿ ಸಾಲಲಿಲ್ಲ. ಪ್ರಾಂಶುಪಾಲರು ಎಲ್ಲರ ಮುಖ ನೋಡಿ, ಮಂಡಕ್ಕಿ-ಮಿರ್ಚಿ ತರಲು ಅಂಗಡಿಗೆ ಆಳು ಕಳಿಸಿದರು.

ಹೊರಡುವಾಗ ಅಟೆಂಡರ್ ತಿಪ್ಪೇಸ್ವಾಮಿ ಕೈಯೊರೆಸಿಕೊಳ್ಳುತ್ತ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಇಷ್ಟು ಚೆನ್ನಾಗಿದ್ದ ದೋಷನ ಯಾಕ್ರಿ ಮೇಡಂ ಸರಿ ಮಾಡಿದ್ರಿ?"