ಮುಟ್ಟದೆ ಅಳೆದ ಮೀನುಗಳು

ಯುದ್ಧ ನಡೆದಿದ್ದ ಕಾಲ. ಪುಣೆ ಕ್ಯಾಂಪಿನ ತುಂಬ ಸಿಪಾಯಿಗಳು. ಅವರ ಅಡಿಗೆಮನೆಗಳಿಗೆ ಮೀನು ಸಾಲುತ್ತಿರಲಿಲ್ಲ. ನದಿಯ ತಳದಲ್ಲಿ ಬದುಕುವ ಮೀಸೆಮೀನಿಗೆ ಇನ್ನಷ್ಟು ಬಲೆ ಬಿಡಬಹುದೇ, ಬಿಟ್ಟರೆ ಅದರ ಸಂತತಿ ತಾಳೀತೇ ಎಂದು ಸರಕಾರಕ್ಕೆ ತಿಳಿಯಬೇಕಿತ್ತು. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ ನನ್ನನ್ನು ಅದಕ್ಕೆ ನೇಮಿಸಿದರು. ಬೆಳಿಗ್ಗೆ ದಡಕ್ಕೆ ಹೋಗಿ, ಬಲೆಗೆ ಬಿದ್ದ ಮೀನಿನ ಉದ್ದ ಅಳೆದು, ಹೊಟ್ಟೆ ಸೀಳಿ ಮೊಟ್ಟೆ ಇದೆಯೇ ನೋಡಿ ಬರೆಯಬೇಕು. ಅಷ್ಟೇ ಕೆಲಸ.

ನಮ್ಮದು ಧಾರವಾಡದ ಕಡೆಯಿಂದ ಬಂದ ಮನೆತನ, ಮೀನು ತಿನ್ನದವರು. ಮೊದಲ ದಿನ ಅವ್ವ ನನ್ನನ್ನು ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದಳು. ಅವಳನ್ನು ದೂರುವುದಿಲ್ಲ, ಹೇಸಿಕೆ ನನ್ನದೇ. ಎರಡನೆಯ ವಾರದಿಂದ ನಾನು ದೂರದ ಬಂಡೆಯ ಮೇಲೆ ಕೂತೆ. ಮುದುಕ ಬೆಸ್ತನೊಬ್ಬ ಅಳೆದು ಕೂಗಿ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಮಳೆ ಹಿಡಿದ ಮೇಲೆ ಅದೂ ನಿಂತಿತು. ಕ್ಯಾಂಪಿನ ಚಹಾದಂಗಡಿಯಲ್ಲಿ ಕೂತು, ಹಳೆಯ ಅಳತೆಗಳನ್ನೇ ಒಂದಂಗುಲ ಹೆಚ್ಚು, ಅರ್ಧ ಅಂಗುಲ ಕಡಿಮೆ ಮಾಡಿ ಹಾಳೆ ತುಂಬಿದೆ.

ಮುದುಕ ಒಮ್ಮೆ ಮರಾಠಿಯಲ್ಲಿ ಹೇಳಿದ್ದ: ದೊಡ್ಡವು ಬೀಳುತ್ತಿಲ್ಲ, ಗೇಣುದ್ದದವೇ ಮೊಟ್ಟೆ ಹೊತ್ತಿವೆ, ಸಂತತಿ ಕುಗ್ಗುತ್ತಿರುವ ಲಕ್ಷಣ ಇದು, ಒಳ್ಳೆಯದಲ್ಲ ಎಂದು. ನನ್ನ ಎಲ್ಲ ಅಳತೆಗಳಿಗಿಂತ ಅದು ಮುಖ್ಯವಾದ ಮಾತೆಂದು ನನಗೆ ಆಗಲೇ ಗೊತ್ತಿತ್ತು. ಆದರೆ ಬರೆದರೆ ನನ್ನ ಮೇಲಿನ ಅಧಿಕಾರಿ ಸಾಹೇಬರು ತಾವೇ ನೋಡಲು ಬಂದಾರು ಎಂಬ ಭಯ. ಬರೆಯಲಿಲ್ಲ.

ಸಾಹೇಬರು ಬೆಳಗಾವಿಯವರು. ನನ್ನ ಹಾಳೆಗಳನ್ನು ತಿರುವಿ, "ಭಾಳ ಛಲೋ ಕೆಲಸಾ ಮಾಡೀರಿ. ಇಷ್ಟ ಅಚ್ಚುಕಟ್ಟ ಲೆಕ್ಕಾ ನಾ ಕಂಡಿಲ್ಲ" ಅಂದರು. ಮೀನಿನ ಸಂತತಿ ಚೆನ್ನಾಗಿದೆ ಎಂದು ವರದಿ ಹೋಯಿತು. ಹೊರಗಿನವರ ಬಲೆಗಳೂ ನದಿಗೆ ಬಂದವು.

ಎರಡು ಮಳೆಗಾಲ ಕಳೆದ ಮೇಲೆ ನಾನಾಗಿಯೇ ದಡಕ್ಕೆ ಹೋದೆ. ಬುಟ್ಟಿಗಳು ಖಾಲಿ. ಮುದುಕ ಬಲೆ ಮಡಚಿ ಕಟ್ಟುತ್ತಿದ್ದ. ಮಕ್ಕಳು ಯೆರವಡಾದ ಕಲ್ಲುಗಣಿಗೆ ಕೂಲಿಗೆ ಹೋಗಿದ್ದಾರೆ, ತಾನೂ ಅಲ್ಲಿಗೇ ಹೊರಟಿದ್ದೇನೆ ಎಂದ. ಆಮೇಲೆ ಅವನೇ ನನ್ನನ್ನು ಸಮಾಧಾನ ಮಾಡಿದ.

"ನಾನು ಹೇಳಿದ್ದನ್ನು ನೀವು ಬರೆದೇ ಇರುತ್ತೀರಿ ಸಾಹೇಬ. ಮೇಲಿನವರು ಕೇಳಲಿಲ್ಲ, ಅಲ್ಲವೇ?"

"ಹೌದು" ಅಂದೆ.

ಆ ಒಂದು ಮಾತು ನನ್ನ ಸುಳ್ಳು ಅಳತೆಗಳೆಲ್ಲಕ್ಕಿಂತ ಕೆಟ್ಟದ್ದು. ವಾರದೊಳಗೆ ಸಾಹೇಬರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು ಹೊರಗಿನವರ ಬಲೆಗಳನ್ನು ನಿಲ್ಲಿಸಿದರು, ನನ್ನನ್ನೂ ಕೆಲಸದಿಂದ ಬಿಡಿಸಿದರು. ಎರಡೂ ಸರಿಯೇ. ಆದರೆ ಮುದುಕನಿಗೆ ನಿಜ ಹೇಳಲು ನಾನು ಯೆರವಡಾದ ತನಕ ಹೋಗಲಿಲ್ಲ. ಎಷ್ಟು ದೂರವಿತ್ತು? ಸೈಕಲ್ ಮೇಲೆ ಅರ್ಧ ತಾಸು.